ಎಂಜಿನ್ ಓವರ್‌ಹಾಲ್‌ಗೆ ಕೊಂಡ ಬಿಡಿಭಾಗಗಳು: ಹಲವು ವರ್ಷಗಳ ಬಳಕೆಯ ನಂತರದ ವಿಮರ್ಶೆ

ಜಪಾನ್ ವಿನ್ಯಾಸದ, ನಾಲ್ಕು ಸಿಲಿಂಡರ್‌ಗಳ, ಟೈಮಿಂಗ್ ಚೈನ್ (ಕ್ರ್ಯಾಂಕ್ ತಿರುಗುವುದಕ್ಕೆ ತಕ್ಕಂತೆ ವಾಲ್ವ್‌ಗಳನ್ನು ನಡೆಸುವ ಸರಪಳಿ) ಇರುವ ಒಂದು ಪೆಟ್ರೋಲ್ ಎಂಜಿನ್ನನ್ನು ಪೂರ್ತಿ ಬಿಚ್ಚಿ ಮರುಜೋಡಿಸುವಾಗ ನಾನು ಆರಿಸಿಕೊಂಡ ಬಿಡಿಭಾಗಗಳ ವಿಮರ್ಶೆ ಇದು. ಜೋಡಣೆಯಾಗಿ ಹಲವು ವರ್ಷಗಳು ಕಳೆದಿವೆ, ಕಾರು ಪ್ರತಿದಿನ ಓಡುತ್ತಿದೆ. ಇಷ್ಟು ಕಾಲ ಕಾದು ಬರೆಯಲು ಕಾರಣವಿದೆ. ಎಂಜಿನ್ನಿನ ಒಳಭಾಗಗಳ ಬಗ್ಗೆ ಮೊದಲ ತಿಂಗಳಲ್ಲೇ ಬರೆದ ಅಭಿಪ್ರಾಯದಿಂದ ಓದುಗರಿಗೆ ಹೆಚ್ಚು ಪ್ರಯೋಜನವಿಲ್ಲ. ಕಳಪೆ ರಿಂಗ್ (ಪಿಸ್ಟನ್ ಸುತ್ತ ಕೂತು ಸೋರಿಕೆ ತಡೆಯುವ ಬಳೆ) ಹಾಕಿದ ಎಂಜಿನ್ ಕೂಡ ಆರಂಭದಲ್ಲಿ ನಯವಾಗಿಯೇ ಓಡುತ್ತದೆ. ಆಯಿಲ್ ಕುಡಿಯುವುದು, ಬೇರಿಂಗ್ ಸದ್ದು ಮಾಡುವುದು, ಗ್ಯಾಸ್ಕೆಟ್ (ಎರಡು ಭಾಗಗಳ ನಡುವೆ ಸೋರಿಕೆ ತಡೆಯುವ ಹಾಳೆ) ಅಂಚಿನಲ್ಲಿ ಒಸರುವುದು ಇವೆಲ್ಲ ಬಿಸಿ ಮತ್ತು ತಂಪಿನ ಸಾವಿರಾರು ಆವರ್ತನಗಳ ನಂತರವೇ ಹೊರಬೀಳುತ್ತವೆ.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಪೆಟ್ಟಿಗೆಯ ಮೇಲಿನ ಹೆಸರಿಗಿಂತ ಎರಡು ಪ್ರಶ್ನೆಗಳು ಮುಖ್ಯ: ಆ ಭಾಗವನ್ನು ನಿಜವಾಗಿ ತಯಾರಿಸಿದವರು ಯಾರು, ಮತ್ತು ಅದು ನಿಮ್ಮ ಎಂಜಿನ್ನಿನ ಅಳತೆಗೆ ಸರಿಯಾಗಿ ಹೊಂದುತ್ತದೆಯೇ. ಕಾರು ಕಂಪನಿಗಳು ರಿಂಗ್, ಬೇರಿಂಗ್, ಸೀಲ್, ಪಂಪ್ ಮುಂತಾದವುಗಳಲ್ಲಿ ಬಹುಪಾಲನ್ನು ತಾವೇ ತಯಾರಿಸುವುದಿಲ್ಲ. ಜಪಾನಿನ ಎಂಜಿನ್‌ಗಳಿಗೆ ಎನ್‌ಪಿಆರ್ ಮತ್ತು ರಿಕೆನ್ ರಿಂಗ್‌ಗಳು, ತೈಹೊ ಬೇರಿಂಗ್‌ಗಳು, ಎನ್‌ಒಕೆ ಆಯಿಲ್ ಸೀಲ್‌ಗಳು, ಐಸಿನ್ ಪಂಪ್‌ಗಳು ಕಾರ್ಖಾನೆಯ ಮಟ್ಟದಲ್ಲೇ ಹೋಗುತ್ತವೆ. ಯುರೋಪಿನ ಎಂಜಿನ್‌ಗಳಲ್ಲಿ ಮಾಲೆ, ಎಲ್ರಿಂಗ್, ವಿಕ್ಟರ್ ರೈನ್ಜ್, ಐಎನ್‌ಎ ಎಂಬ ಹೆಸರುಗಳು ಮತ್ತೆ ಮತ್ತೆ ಎದುರಾಗುತ್ತವೆ. ಕಾರು ಕಂಪನಿಯ ಲಾಂಛನವಿರುವ ಪೆಟ್ಟಿಗೆಯಲ್ಲಿ ಸಿಗುವ ಭಾಗ ಅನೇಕ ಸಲ ಇಂಥದೇ ತಯಾರಕರ ಕೈಯಿಂದ ಬಂದಿರುತ್ತದೆ, ಮತ್ತು ಅದೇ ತಯಾರಕರು ತಮ್ಮ ಸ್ವಂತ ಹೆಸರಿನಲ್ಲಿ ಮಾರುವ ಭಾಗ ಕಡಿಮೆ ಬೆಲೆಗೆ ಸಿಗುತ್ತದೆ. ನಾನು ಹೆಚ್ಚಾಗಿ ಅನುಸರಿಸಿದ್ದು ಈ ಎರಡನೆಯ ದಾರಿಯನ್ನು.

ಇಲ್ಲಿ ಒಂದು ಎಚ್ಚರಿಕೆಯೂ ಅಗತ್ಯ. ಒಬ್ಬ ತಯಾರಕ ನಿಮ್ಮ ಎಂಜಿನ್ನಿಗೆ ರಿಂಗ್ ಒದಗಿಸುತ್ತಿದ್ದ ಮಾತ್ರಕ್ಕೆ ಅದೇ ಹೆಸರಿನ ಪೆಟ್ಟಿಗೆಯಲ್ಲಿರುವ ವಾಟರ್ ಪಂಪ್ ಕೂಡ ಅವನದೇ ಎಂದು ಭಾವಿಸುವಂತಿಲ್ಲ. ತಮ್ಮ ಕ್ಯಾಟಲಾಗ್ ತುಂಬಿಸಿಕೊಳ್ಳಲು ಬೇರೆಡೆ ಮಾಡಿಸಿದ ಸರಕನ್ನು ತಮ್ಮ ಹೆಸರಿನಲ್ಲಿ ಮಾರುವುದು ಈ ಉದ್ಯಮದಲ್ಲಿ ಸಾಮಾನ್ಯ. ಹೆಸರುಗಳೂ ಕೈ ಬದಲಾಯಿಸುತ್ತವೆ. ಬೇರಿಂಗ್‌ಗಳಿಗೆ ಹೆಸರಾದ ಕ್ಲೆವೈಟ್ 2007ರಲ್ಲಿ ಮಾಲೆ ಕಂಪನಿಯ ಪಾಲಾಯಿತು, ಎನ್‌ಪಿಆರ್ ಮತ್ತು ರಿಕೆನ್ 2023ರಲ್ಲಿ ಒಂದೇ ಸಮೂಹವಾದವು. ಆದ್ದರಿಂದ ಹಳೆಯ ಭಾಗವನ್ನು ಬಿಚ್ಚಿದ ಕೂಡಲೇ ಅದರ ಬೆನ್ನಿನ ಮೇಲಿನ ಗುರುತು, ಅಚ್ಚಿನ ಸಂಖ್ಯೆ, ತಯಾರಕರ ಚಿಹ್ನೆಗಳನ್ನು ಬರೆದಿಟ್ಟುಕೊಳ್ಳುವುದು ಯಾವ ಕ್ಯಾಟಲಾಗಿಗಿಂತಲೂ ಹೆಚ್ಚು ನೆರವಾಯಿತು. ಸವೆದು ಮೂಲೆಗೆ ಬಿದ್ದ ಆ ಬೇರಿಂಗ್ ಚಿಪ್ಪೇ ಹೊಸದನ್ನು ಎಲ್ಲಿ ಹುಡುಕಬೇಕೆಂದು ತಿಳಿಸುತ್ತದೆ.

ಪಿಸ್ಟನ್, ರಿಂಗ್, ಬೇರಿಂಗ್, ಗ್ಯಾಸ್ಕೆಟ್ ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ತುಂಬಿ ಕೊಡುವ ಪೂರ್ಣ ಓವರ್‌ಹಾಲ್ ಕಿಟ್‌ಗಳನ್ನು ನಾನು ಶಿಫಾರಸು ಮಾಡುವುದಿಲ್ಲ. ಅವು ಎಲ್ಲವೂ ಕಳಪೆಯೆಂದಲ್ಲ. ಅಳತೆ ತೆಗೆಯುವ ಮೊದಲೇ ಅಳತೆಯನ್ನು ನಿರ್ಧರಿಸುವಂತೆ ಅವು ಒತ್ತಾಯಿಸುತ್ತವೆ ಎಂಬುದೇ ನನ್ನ ಮುಖ್ಯ ಆಕ್ಷೇಪ. ಸಿಲಿಂಡರ್ ಎಷ್ಟು ಸವೆದಿದೆ, ಎಷ್ಟು ಅಂಡಾಕಾರಕ್ಕೆ ತಿರುಗಿದೆ, ಕ್ರ್ಯಾಂಕ್‌ಶಾಫ್ಟಿನ ಜರ್ನಲ್‌ಗಳಲ್ಲಿ (ಬೇರಿಂಗ್ ಒಳಗೆ ತಿರುಗುವ ನಯವಾದ ಭಾಗಗಳಲ್ಲಿ) ಗೀರುಗಳಿವೆಯೇ ಎಂಬುದು ಬೋರ್ ಗೇಜ್ ಮತ್ತು ಮೈಕ್ರೋಮೀಟರ್ ಹಿಡಿದ ನಂತರವೇ ತಿಳಿಯುತ್ತದೆ. ಅದಕ್ಕೂ ಮೊದಲು ಕೊಂಡ ಪಿಸ್ಟನ್ ಎಷ್ಟೇ ಒಳ್ಳೆಯದಾಗಿದ್ದರೂ ಅದು ಕೇವಲ ಊಹೆಯ ಖರೀದಿ.

ಪಿಸ್ಟನ್‌ಗಳ ವಿಷಯದಲ್ಲಿ ಕೊಳ್ಳುವ ಅನುಕ್ರಮವೇ ಅರ್ಧ ಗುಣಮಟ್ಟ. ಓವರ್‌ಸೈಜ್ ಪಿಸ್ಟನ್‌ಗಳು ಸಾಮಾನ್ಯವಾಗಿ 0.25, 0.50, 1.00 ಮಿಲಿಮೀಟರ್ ಹೆಚ್ಚಳದಲ್ಲಿ ಬರುತ್ತವೆ, ಆದರೆ ಎಲ್ಲ ಎಂಜಿನ್‌ಗಳಿಗೂ ಎಲ್ಲ ಅಳತೆಗಳು ಸಿಗುವುದಿಲ್ಲ. ಬೋರಿಂಗ್ (ಸವೆದ ಸಿಲಿಂಡರನ್ನು ದೊಡ್ಡದಾಗಿ ಕೊರೆಯುವುದು) ಮಾಡಿಸಿದ ಮೇಲೆ ಆ ಅಳತೆಯ ಪಿಸ್ಟನ್ ಸಿಗದಿದ್ದರೆ ಬ್ಲಾಕನ್ನು ಇನ್ನೂ ದೊಡ್ಡ ಅಳತೆಗೆ ಕೊರೆಯಬೇಕಾಗುತ್ತದೆ, ಇಲ್ಲವೇ ಸಿಲಿಂಡರಿನೊಳಗೆ ಹೊಸ ಸ್ಲೀವ್ (ಲೋಹದ ಒಳಕೊಳವೆ) ಹಾಕಿಸಬೇಕಾಗುತ್ತದೆ. ಆದ್ದರಿಂದ ಪಿಸ್ಟನ್‌ಗಳು ಕೈಗೆ ಬಂದ ನಂತರ ಅವನ್ನೇ ಲೇತ್ ಕೆಲಸದವರಿಗೆ ಕೊಟ್ಟು, ಪ್ರತಿಯೊಂದು ಪಿಸ್ಟನ್ನಿನ ಸ್ಕರ್ಟನ್ನು (ಕೆಳಗಿನ ಬದಿಯನ್ನು) ಅಳೆದು ಅದಕ್ಕೆ ತಕ್ಕಂತೆ ಅದರ ಸಿಲಿಂಡರನ್ನು ಹೋನ್ ಮಾಡಿಸುವುದೇ (ಒಳಮೈಯನ್ನು ನಯವಾಗಿ ಉಜ್ಜಿ ಅಳತೆಗೆ ತರಿಸುವುದೇ) ಸರಿಯಾದ ಕ್ರಮ. ಒಳ್ಳೆಯ ತಯಾರಕರ ನಾಲ್ಕು ಪಿಸ್ಟನ್‌ಗಳ ತೂಕದಲ್ಲಿ ಕೆಲವೇ ಗ್ರಾಂ ವ್ಯತ್ಯಾಸವಿರುತ್ತದೆ. ನಾನು ತರಿಸಿದವು ಹಾಗೆಯೇ ಇದ್ದವು, ಪಿನ್ನುಗಳೂ ಎಲ್ಲಿಯೂ ಬಿಗಿಯಾಗದೆ, ಸಡಿಲವೂ ಆಗದೆ ಕೂತವು.

ರಿಂಗ್‌ಗಳಿಗೆ ನಾನು ಎನ್‌ಪಿಆರ್ ಆರಿಸಿಕೊಂಡೆ, ಇಂದಿಗೂ ಅದೇ ಆಯ್ಕೆ ಮಾಡುತ್ತೇನೆ. ಪ್ರತಿ ರಿಂಗನ್ನು ಅದರದೇ ಸಿಲಿಂಡರಿನೊಳಗೆ ಇಳಿಸಿ ತುದಿಗಳ ನಡುವಿನ ಅಂತರವನ್ನು ಫೀಲರ್ ಗೇಜಿನಿಂದ ನೋಡಿದಾಗ ಎಲ್ಲವೂ ಸರ್ವಿಸ್ ಮ್ಯಾನ್ಯುಯಲ್ ಹೇಳಿದ ಮಿತಿಯೊಳಗೆ, ಒಂದಕ್ಕೊಂದು ಬಹಳ ಹತ್ತಿರದಲ್ಲಿದ್ದವು. ಟರ್ಬೊ ಇಲ್ಲದ ಸಾಮಾನ್ಯ ಎಂಜಿನ್ನಿನ ಮೇಲಿನ ರಿಂಗ್‌ಗೆ ಬೋರ್ ವ್ಯಾಸವನ್ನು 0.004ರಿಂದ ಗುಣಿಸಿದಷ್ಟು ಅಂತರ ಎಂಬ ಸ್ಥೂಲ ಲೆಕ್ಕವೊಂದಿದೆ; 80 ಮಿಲಿಮೀಟರ್ ಬೋರಿಗೆ ಅದು ಸುಮಾರು 0.32 ಮಿಲಿಮೀಟರ್ ಆಗುತ್ತದೆ. ಮ್ಯಾನ್ಯುಯಲ್ ಇದ್ದಾಗ ಮ್ಯಾನ್ಯುಯಲ್ ಮಾತೇ ಅಂತಿಮ. ರಿಂಗಿನ ಲೇಪನವನ್ನೂ ವಿಚಾರಿಸಿಯೇ ಕೊಳ್ಳಬೇಕು: ಎರಕದ ಕಬ್ಬಿಣದ ಸಿಲಿಂಡರಿಗೆ ಒಪ್ಪುವ ಕ್ರೋಮ್ ರಿಂಗ್, ಕ್ರೋಮ್ ಲೇಪಿಸಿದ ಸಿಲಿಂಡರಿಗೆ ಒಪ್ಪುವುದಿಲ್ಲ. ಒಳ್ಳೆಯ ರಿಂಗ್‌ಗಳ ಮೇಲೆ ಯಾವ ಮುಖ ಮೇಲಿರಬೇಕೆಂಬ ಗುರುತು ಸ್ಪಷ್ಟವಾಗಿ ಕೊರೆದಿರುತ್ತದೆ. ಹೋಲಿಸಿ ನೋಡಲೆಂದು ತರಿಸಿದ ಅಗ್ಗದ ಸೆಟ್ಟೊಂದರಲ್ಲಿ ಆ ಗುರುತು ಕೆಲವು ರಿಂಗ್‌ಗಳ ಮೇಲೆ ಮಾತ್ರ ಇತ್ತು, ಅಂಚುಗಳು ಬೆರಳಿಗೆ ಒರಟಾಗಿ ತಾಗುತ್ತಿದ್ದವು; ಅದನ್ನು ಹಿಂದಿರುಗಿಸಿದೆ.

ಬೇರಿಂಗ್‌ಗಳ ಬಗ್ಗೆ ತುಸು ಹೆಚ್ಚು ಬರೆಯಬೇಕೆನಿಸುತ್ತದೆ, ಏಕೆಂದರೆ ಎಂಜಿನ್ನಿನ ಆಯುಷ್ಯ ಹೆಚ್ಚಾಗಿ ಈ ತೆಳು ಚಿಪ್ಪುಗಳ ಮೇಲೆ ನಿಂತಿರುತ್ತದೆ ಮತ್ತು ಕೊಳ್ಳುವವರು ಅತಿ ಕಡಿಮೆ ಯೋಚಿಸುವುದೂ ಇವುಗಳ ಬಗ್ಗೆಯೇ. ಇಂಥ ಚಿಕ್ಕ ಎಂಜಿನ್‌ಗಳಲ್ಲಿ ಜರ್ನಲ್ ಮತ್ತು ಬೇರಿಂಗ್ ನಡುವಿನ ಆಯಿಲ್ ಅಂತರ ಸಾಮಾನ್ಯವಾಗಿ 0.02ರಿಂದ 0.05 ಮಿಲಿಮೀಟರ್ ಆಸುಪಾಸಿನಲ್ಲಿರುತ್ತದೆ. ಇಷ್ಟು ಸೂಕ್ಷ್ಮ ಅಂತರವನ್ನು ಕಾಪಾಡಲು ಜಪಾನಿನ ಹಲವು ತಯಾರಕರು ಸ್ಟ್ಯಾಂಡರ್ಡ್ ಅಳತೆಯನ್ನೇ ಹಲವು ದರ್ಜೆಗಳಾಗಿ ವಿಂಗಡಿಸಿ, ಬ್ಲಾಕಿನ ಮೇಲೂ ಕ್ರ್ಯಾಂಕಿನ ಮೇಲೂ ಅಂಕೆಗಳನ್ನೋ ಅಕ್ಷರಗಳನ್ನೋ ಒತ್ತಿರುತ್ತಾರೆ. ಅವೆರಡನ್ನೂ ಸೇರಿಸಿ ನೋಡಿದಾಗ ಯಾವ ದರ್ಜೆಯ, ಯಾವ ಬಣ್ಣದ ಗುರುತಿನ ಬೇರಿಂಗ್ ಬೇಕೆಂಬುದು ತಿಳಿಯುತ್ತದೆ. ಹೊರ ಮಾರುಕಟ್ಟೆಯಲ್ಲಿ ಸ್ಟ್ಯಾಂಡರ್ಡ್ ಎಂದು ಮಾರುವ ಸೆಟ್‌ಗಳು ಬಹುಮಟ್ಟಿಗೆ ಒಂದೇ ದಪ್ಪದವು. ಆದ್ದರಿಂದ ಕ್ರ್ಯಾಂಕ್ ಸವೆಯದೆ ಸ್ಟ್ಯಾಂಡರ್ಡ್ ಅಳತೆಯಲ್ಲೇ ಉಳಿದಿದ್ದರೆ ಕಾರು ಕಂಪನಿಯ ದರ್ಜೆವಾರು ಬೇರಿಂಗ್‌ಗಳಿಗೆ ಹೆಚ್ಚು ಬೆಲೆ ತೆರುವುದು ಸಾರ್ಥಕ. ಇಡೀ ಕೆಲಸದಲ್ಲಿ ನಾನು ಕಾರು ಕಂಪನಿಯ ಪೆಟ್ಟಿಗೆಯನ್ನೇ ಹಟ ಹಿಡಿದು ಕೊಂಡ ಕೆಲವೇ ಭಾಗಗಳಲ್ಲಿ ಮೇನ್ ಬೇರಿಂಗ್ (ಬ್ಲಾಕಿನಲ್ಲಿ ಕ್ರ್ಯಾಂಕನ್ನು ಹಿಡಿಯುವ ಬೇರಿಂಗ್) ಒಂದು.

ಕ್ರ್ಯಾಂಕ್ ಗ್ರೈಂಡಿಂಗ್ (ಸವೆದ ಜರ್ನಲ್‌ಗಳನ್ನು ಉಜ್ಜಿ ಸಣ್ಣದು ಮಾಡುವುದು) ಅನಿವಾರ್ಯವಾದರೆ ಲೆಕ್ಕ ಬೇರೆಯಾಗುತ್ತದೆ. 0.25 ಅಥವಾ 0.50 ಮಿಲಿಮೀಟರ್ ಅಂಡರ್‌ಸೈಜ್ ಚಿಪ್ಪುಗಳು ನಿಮ್ಮ ಎಂಜಿನ್ನಿಗೆ ನಿಜವಾಗಿಯೂ ಲಭ್ಯವಿವೆಯೇ ಎಂಬುದನ್ನು ಕಲ್ಲು ತಾಗುವ ಮೊದಲು ಖಚಿತಪಡಿಸಿಕೊಳ್ಳಬೇಕು. ಕ್ಯಾಟಲಾಗಿನಲ್ಲಿ ಸಂಖ್ಯೆ ಇರುವುದಕ್ಕೂ ದಾಸ್ತಾನಿನಲ್ಲಿ ಚಿಪ್ಪು ಇರುವುದಕ್ಕೂ ಬಹಳ ದೂರ. ನನ್ನ ಎಂಜಿನ್ನಿನ ಕನೆಕ್ಟಿಂಗ್ ರಾಡ್ ಜರ್ನಲ್‌ಗಳಿಗೆ 0.25 ಅಂಡರ್‌ಸೈಜ್ ತೈಹೊ ಚಿಪ್ಪುಗಳನ್ನು ಬಳಸಿದೆ. ಪ್ಲಾಸ್ಟಿಗೇಜ್ ಎಂಬ, ಒತ್ತಿದರೆ ಚಪ್ಪಟೆಯಾಗುವ ಮೃದು ಎಳೆಯನ್ನು ಜರ್ನಲ್ ಮೇಲಿಟ್ಟು ಕ್ಯಾಪನ್ನು ಪೂರ್ಣ ಟಾರ್ಕಿಗೆ ಬಿಗಿದು, ಬಿಚ್ಚಿ, ಚಪ್ಪಟೆಯಾದ ಎಳೆಯ ಅಗಲವನ್ನು ನೋಡಿದಾಗ ಎಲ್ಲ ನಾಲ್ಕರಲ್ಲೂ ಅಂತರ ಬಹುತೇಕ ಒಂದೇ ಆಗಿತ್ತು. ಅಂದಿನಿಂದ ಬಿಸಿ ಎಂಜಿನ್ನಿನ ಆಯಿಲ್ ಒತ್ತಡ ಪ್ರತಿ 1000 ಆರ್‌ಪಿಎಂಗೆ 10 ಪಿಎಸ್‌ಐ (ಒತ್ತಡದ ಮಾನ) ಎಂಬ ಹಳೆಯ ಮೆಕ್ಯಾನಿಕ್‌ಗಳ ಅಳತೆಗೋಲಿಗಿಂತ ಕೆಳಗೆ ಇಳಿದಿಲ್ಲ.

ಗ್ಯಾಸ್ಕೆಟ್ ಸೆಟ್ಟನ್ನು ಹೆಸರಾಂತ ತಯಾರಕರಿಂದ ಒಟ್ಟಾಗಿ ಕೊಳ್ಳುವುದರಲ್ಲಿ ತಪ್ಪಿಲ್ಲ, ಆದರೆ ಹೆಡ್ ಗ್ಯಾಸ್ಕೆಟ್ ಯಾವ ಬಗೆಯದೆಂದು ನೋಡಬೇಕು. ಹಲವು ಉಕ್ಕಿನ ಪದರಗಳಿಂದಾದ ಎಂಎಲ್‌ಎಸ್ ಗ್ಯಾಸ್ಕೆಟ್ ಬಾಳಿಕೆಯಲ್ಲಿ ಉತ್ತಮ, ಆದರೆ ಅದಕ್ಕೆ ಹೆಡ್ ಮತ್ತು ಬ್ಲಾಕಿನ ಮೇಲ್ಮೈ ಹಳೆಯ ಕಾಂಪೊಸಿಟ್ ಗ್ಯಾಸ್ಕೆಟ್‌ಗೆ ಬೇಕಾದದ್ದಕ್ಕಿಂತ ಬಹಳ ನಯವಾಗಿರಬೇಕು. ಯಾವುದನ್ನು ಹಾಕಲಿದ್ದೇವೆಂದು ಹೆಡ್ ಫೇಸಿಂಗ್ (ಹೆಡ್ಡಿನ ಮೇಲ್ಮೈಯನ್ನು ಸಮತಟ್ಟು ಮಾಡುವುದು) ಮಾಡುವವರಿಗೆ ಮುಂಚೆಯೇ ತಿಳಿಸದಿದ್ದರೆ ಅತ್ಯುತ್ತಮ ಗ್ಯಾಸ್ಕೆಟ್ ಕೂಡ ಸೋರುತ್ತದೆ. ಟಾರ್ಕ್ ನಂತರ ಕೋನದ ಲೆಕ್ಕದಲ್ಲಿ ತಿರುಗಿಸುವ ಹೆಡ್ ಬೋಲ್ಟ್‌ಗಳು ಅನೇಕ ಎಂಜಿನ್‌ಗಳಲ್ಲಿ ಬಿಗಿಯುವಾಗಲೇ ಶಾಶ್ವತವಾಗಿ ಹಿಗ್ಗುವಂತೆ ವಿನ್ಯಾಸಗೊಂಡಿರುತ್ತವೆ. ಮರುಬಳಕೆಗೆ ಮ್ಯಾನ್ಯುಯಲ್ ಅವಕಾಶ ಕೊಡದಿದ್ದರೆ ಅವು ಹೊಸವೇ ಆಗಬೇಕು, ಇಲ್ಲಿ ಉಳಿತಾಯದ ಮಾತೇ ಬೇಡ.

ವಾಲ್ವ್ ಸ್ಟೆಮ್ ಸೀಲ್‌ಗಳನ್ನು (ವಾಲ್ವಿನ ಕಡ್ಡಿಯ ಸುತ್ತ ಆಯಿಲ್ ಇಳಿಯದಂತೆ ತಡೆಯುವ ಸೀಲ್‌ಗಳನ್ನು) ಕೊಳ್ಳುವಾಗ ರಬ್ಬರಿನ ಜಾತಿ ಕೇಳಿ. ಎಫ್‌ಕೆಎಂ, ಅಂದರೆ ವೈಟನ್ ಬಗೆಯ ಸೀಲ್‌ಗಳು ಸುಮಾರು 200 ಡಿಗ್ರಿ ಸೆಲ್ಸಿಯಸ್‌ವರೆಗಿನ ಬಿಸಿಯನ್ನು ತಾಳಿಕೊಳ್ಳುತ್ತವೆ. ಅಗ್ಗದ ಸೆಟ್‌ಗಳಲ್ಲಿ ಬರುವ ನೈಟ್ರೈಲ್ ಅದಕ್ಕಿಂತ ಬಹಳ ಮೊದಲೇ ಗಟ್ಟಿಯಾಗಿ, ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ನೀಲಿ ಹೊಗೆ ಕಾಣಿಸುತ್ತದೆ. ಎನ್‌ಒಕೆ ಸೀಲ್‌ಗಳಿಂದ ಇದುವರೆಗೆ ಆಯಿಲ್ ಒಸರಿಲ್ಲ. ಕ್ರ್ಯಾಂಕಿನ ಹಿಂದಿನ ಸೀಲ್ ಪಿಟಿಎಫ್‌ಇ (ಟೆಫ್ಲಾನ್) ಬಗೆಯದಾಗಿದ್ದರೆ ಅದಕ್ಕೆ ಆಯಿಲ್ ಸವರದೆ ಒಣಗಿದಂತೆಯೇ ಕೂರಿಸಬೇಕೆಂಬ ಸೂಚನೆ ಪೆಟ್ಟಿಗೆಯಲ್ಲೇ ಇರುತ್ತದೆ. ಆ ಚೀಟಿ ಇಲ್ಲದ ಪೆಟ್ಟಿಗೆಯನ್ನು ನಾನು ಅನುಮಾನದಿಂದಲೇ ನೋಡುತ್ತೇನೆ.

ಟೈಮಿಂಗ್ ಚೈನ್ ಕಿಟ್ ನನಗೆ ಅಸಮಾಧಾನ ತಂದ ಏಕೈಕ ಖರೀದಿ. ತಯಾರಕರ ಹೆಸರು ಎಲ್ಲಿಯೂ ಇಲ್ಲದ, ಆದರೆ ಮಾರಾಟಗಾರರು ಬಹಳ ಹೊಗಳಿದ ಕಿಟ್ಟಿನಲ್ಲಿ ಚೈನ್ ಸರಿಯಾಗಿಯೇ ಇತ್ತು. ಚೈನನ್ನು ಬಿಗಿಯಾಗಿಡುವ ಟೆನ್ಷನರ್ ಮಾತ್ರ ಎರಡನೆಯ ವರ್ಷದಲ್ಲೇ ತಣ್ಣನೆಯ ಸ್ಟಾರ್ಟಿನಲ್ಲಿ ಗಲಗಲ ಸದ್ದು ಮಾಡತೊಡಗಿತು. ಮುಂಭಾಗದ ಕವರ್ ಬಿಚ್ಚಿದಾಗ ಚೈನ್ ಜಾರಿ ಸಾಗುವ ಒಂದು ಗೈಡಿನ ಪ್ಲಾಸ್ಟಿಕ್ ಮುಖದಲ್ಲಿ ಬಿರುಕು ಕಂಡಿತು. ಅದನ್ನು ತೆಗೆದು ಕಾರು ಕಂಪನಿಯ ಟೆನ್ಷನರ್ ಮತ್ತು ಗೈಡ್‌ಗಳನ್ನು ಹಾಕಿದ ಮೇಲೆ ಸದ್ದು ಮರಳಿಲ್ಲ. ಚೈನ್ ತುಂಡಾದರೆ ಅಥವಾ ಹಲ್ಲು ಹಾರಿದರೆ ವಾಲ್ವ್‌ಗಳು ಪಿಸ್ಟನ್ನಿಗೆ ಬಡಿಯುವ ವಿನ್ಯಾಸದ ಎಂಜಿನ್‌ಗಳಲ್ಲಿ ಈ ಕಿಟ್ಟಿನ ಗುಣಮಟ್ಟವೇ ಉಳಿದೆಲ್ಲ ಖರ್ಚಿನ ಕಾವಲು. ಟೆನ್ಷನರ್ ಯಾರು ಮಾಡಿದ್ದೆಂದು ಹೇಳದ ಕಿಟ್ಟನ್ನು ಯಾರೂ ಕೊಳ್ಳಬಾರದು.

ಐಸಿನ್ ವಾಟರ್ ಪಂಪ್ ಮತ್ತು ಆಯಿಲ್ ಪಂಪ್ ಎರಡೂ ನಿರ್ದೋಷ, ಹೆಚ್ಚು ಹೇಳುವುದಿಲ್ಲ. ಥರ್ಮೋಸ್ಟಾಟ್ ಕೊಳ್ಳುವಾಗ ಅದು ತೆರೆಯುವ ಉಷ್ಣತೆ ಮ್ಯಾನ್ಯುಯಲ್ ಹೇಳಿದ್ದೇ ಇರಲಿ.

ನಕಲಿಗಳನ್ನು ಗುರುತಿಸಲು ಹೊಲೊಗ್ರಾಮ್ ಒಂದನ್ನೇ ನಂಬುವಂತಿಲ್ಲ, ಅದನ್ನೂ ಅಚ್ಚು ಹಾಕುವವರಿದ್ದಾರೆ. ಯುರೋಪಿನ ಹಲವು ತಯಾರಕರು ಪ್ರತಿ ಪೆಟ್ಟಿಗೆಗೂ ಬೇರೆ ಬೇರೆಯಾದ ಎಂಎಪಿಪಿ ಕೋಡ್ (ನಕಲಿ ತಡೆಯುವ ಗುರುತು ಸಂಖ್ಯೆ) ಅಂಟಿಸುತ್ತಾರೆ. ಅದನ್ನು ಪರಿಶೀಲಿಸಲು ಕೆಲವೇ ಕ್ಷಣ ಸಾಕು. ಉಳಿದವುಗಳಿಗೆ ಹಳೆಯ ಮೂಲ ಭಾಗವೇ ಒರೆಗಲ್ಲು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ತೂಕ, ಎರಕದ ಗೆರೆ, ಕೊರೆದ ಅಕ್ಷರಗಳ ಆಳ, ಯಂತ್ರ ಮುಗಿಸಿದ ಮೇಲ್ಮೈಯನ್ನು ಹೋಲಿಸಿದರೆ ಅನುಮಾನ ಬಹುಪಾಲು ತೀರುತ್ತದೆ. ಹಳೆಯ ಎಂಜಿನ್ನಿಗೆ ಭಾಗ ಹುಡುಕುವವರಿಗೆ ವರ್ಷಗಟ್ಟಲೆ ಗೋದಾಮಿನಲ್ಲಿ ಉಳಿದ ಮೂಲ ಸರಕು ಎದುರಾಗುವುದುಂಟು. ಮೇಣದ ಕಾಗದದಲ್ಲಿ ಸುತ್ತಿ ತುಕ್ಕು ಹಿಡಿಯದ ರಿಂಗ್, ಬೇರಿಂಗ್, ಪಿಸ್ಟನ್‌ಗಳನ್ನು ಧೈರ್ಯವಾಗಿ ಕೊಳ್ಳಬಹುದು; ರಬ್ಬರ್ ಸೀಲ್, ಓ-ರಿಂಗ್, ಬೆಲ್ಟ್‌ಗಳನ್ನು ಎಷ್ಟೇ ಅಗ್ಗವಾಗಿ ಕೊಟ್ಟರೂ ಬೇಡ. ಗುಜರಿಯಿಂದ ಬಂದ ಕ್ರ್ಯಾಂಕ್‌ಶಾಫ್ಟ್ ಅಥವಾ ಸಿಲಿಂಡರ್ ಹೆಡ್ಡನ್ನು ಬಿರುಕಿನ ಪರೀಕ್ಷೆ ಮಾಡಿಸಿ, ಅಳತೆ ತೆಗೆದು ಬಳಸುವುದರಲ್ಲಿ ನನಗೆ ಯಾವ ತಕರಾರೂ ಇಲ್ಲ.

ಇಂದಿನ ಸ್ಥಿತಿ ಹೀಗಿದೆ: ಎರಡು ಆಯಿಲ್ ಬದಲಾವಣೆಗಳ ನಡುವೆ ಡಿಪ್‌ಸ್ಟಿಕ್ಕಿನಲ್ಲಿ ಗಮನಿಸುವಷ್ಟು ಇಳಿಕೆಯಿಲ್ಲ, ನಾಲ್ಕೂ ಸಿಲಿಂಡರ್‌ಗಳ ಕಂಪ್ರೆಷನ್ ಸಮನಾಗಿದೆ, ಕೂಲಂಟ್ ಸ್ವಚ್ಛವಾಗಿದೆ. ಬದಲಾಯಿಸಬೇಕಾಗಿ ಬಂದದ್ದು ಮೇಲೆ ಹೇಳಿದ ಟೆನ್ಷನರ್ ಮತ್ತು ಗೈಡ್‌ಗಳನ್ನು ಮಾತ್ರ. ಅದೇ ಎಂಜಿನ್ನನ್ನು ಮತ್ತೆ ಕಟ್ಟಬೇಕಾದರೆ ಮೇನ್ ಬೇರಿಂಗ್, ಹೆಡ್ ಬೋಲ್ಟ್, ಚೈನ್ ಕಿಟ್ ಈ ಮೂರನ್ನು ಕಾರು ಕಂಪನಿಯಿಂದಲೂ, ಉಳಿದೆಲ್ಲವನ್ನು ಅವುಗಳ ಮೂಲ ತಯಾರಕರ ಹೆಸರಿನಲ್ಲೂ ಕೊಳ್ಳುತ್ತೇನೆ.