ಕ್ರಯಪತ್ರದ ಹೆಬ್ಬೆಟ್ಟಿನಿಂದ ಖಾತೆ ಖಾಲಿ: ಇವತ್ತೇ ಬಯೋಮೆಟ್ರಿಕ್ ಲಾಕ್ ಮಾಡಿ

ಸೈಟು, ಜಮೀನು, ಫ್ಲ್ಯಾಟು ಏನನ್ನಾದರೂ ನೋಂದಣಿ ಮಾಡಿಸಿದವರು ದಯವಿಟ್ಟು ಪೂರ್ತಿ ಓದಿ. ಒಟಿಪಿ ಯಾರಿಗೂ ಹೇಳಿಲ್ಲ, ಯಾವ ಲಿಂಕನ್ನೂ ಒತ್ತಿಲ್ಲ, ಎಟಿಎಂ ಕಾರ್ಡು ಜೇಬಿನಲ್ಲೇ ಇದೆ. ಆದರೂ ಖಾತೆಯಿಂದ ₹10,000 ಹೋಗಿದೆ. 2023ರಲ್ಲಿ ಬೆಂಗಳೂರಿನ ಪೊಲೀಸ್ ಠಾಣೆಗಳಿಗೆ ಹೀಗೆ ದೂರು ಹಿಡಿದುಕೊಂಡು ಬಂದವರು ಒಬ್ಬಿಬ್ಬರಲ್ಲ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಆಸ್ತಿ ನೋಂದಣಿಗೆ ಹೆಬ್ಬೆಟ್ಟು ಕೊಟ್ಟು ಬಂದವರು ಅವರಲ್ಲಿ ಹಲವರಿದ್ದರು.

ಪಾಸ್‌ಬುಕ್ ಎಂಟ್ರಿ ಹಾಕಿಸಿ ನೋಡಿದರೆ ಆ ಸಾಲಿನಲ್ಲಿ ‘ಎಇಪಿಎಸ್’ ಎಂದಿರುತ್ತದೆ. ಆಧಾರ್ ಆಧಾರಿತ ಪಾವತಿ ವ್ಯವಸ್ಥೆ ಎಂದರೆ ಇದೇ, ನಡೆಸುವುದು ಬ್ಯಾಂಕುಗಳ ನಡುವಿನ ಪಾವತಿ ಜಾಲ ನೋಡಿಕೊಳ್ಳುವ ಸಂಸ್ಥೆ ಎನ್‌ಪಿಸಿಐ. ಶಾಖೆಯಿಲ್ಲದ ಊರಿನಲ್ಲಿ ವಯಸ್ಸಾದವರು ಬ್ಯಾಂಕಿನ ಪ್ರತಿನಿಧಿಗಳಾದ ಬ್ಯಾಂಕ್ ಮಿತ್ರರ ಬಳಿ ಹೆಬ್ಬೆಟ್ಟು ಇಟ್ಟು ಪಿಂಚಣಿ ಬಿಡಿಸಿಕೊಳ್ಳಲಿ ಎಂದು ಮಾಡಿದ ವ್ಯವಸ್ಥೆ, ಆ ಮಟ್ಟಿಗೆ ಒಳ್ಳೆಯದೇ. ಆದರೆ ಹಣ ತೆಗೆಯಲು ಅದು ಕೇಳುವುದು ಮೂರೇ ಮೂರು: ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು. ಖಾತೆ ಸಂಖ್ಯೆ ಬೇಡ, ಪಿನ್ ಬೇಡ, ಒಟಿಪಿ ಬೇಡ. ಒಂದು ಸಲಕ್ಕೆ ₹10,000ದವರೆಗೆ ತೆಗೆಯಬಹುದು. ಕಳೆದುಕೊಂಡವರೆಲ್ಲ ಅದೇ ಮೊತ್ತ ಹೇಳುವುದು ಇದಕ್ಕೇ. ಖಾತೆಗೆ ಆಧಾರ್ ಜೋಡಿಸಿದ್ದರೆ ಈ ಸೌಲಭ್ಯ ಸಾಮಾನ್ಯವಾಗಿ ನಮ್ಮನ್ನು ಕೇಳದೆಯೇ ಚಾಲೂ ಆಗಿರುತ್ತದೆ. ಬೇಕಾದವರು ಕೇಳಿ ಪಡೆಯುವಂತಿರಬೇಕಿತ್ತು. ಕೇಳದೆ ಕೊಟ್ಟು, ಬಾಗಿಲು ಹಾಕಿಕೊಳ್ಳುವ ಕೆಲಸ ಜನರಿಗೆ ಬಿಟ್ಟಿದ್ದೇ ಇಲ್ಲಿನ ಮೂಲ ತಪ್ಪು.

ಈಗ ನಿಮ್ಮ ಕ್ರಯಪತ್ರ ತೆಗೆದು ನೋಡಿ. 1908ರ ನೋಂದಣಿ ಕಾಯ್ದೆಯ 32ಎ ಕಲಮಿನಂತೆ ಫೋಟೊ ಜೊತೆಗೆ ಬೆರಳಿನ ಗುರುತು ಇದ್ದೇ ಇರುತ್ತದೆ. ಒಳಪುಟದಲ್ಲಿ ಹೆಸರು, ವಯಸ್ಸು, ವಿಳಾಸ, ಎಷ್ಟೋ ಪತ್ರಗಳಲ್ಲಿ ಆಧಾರ್‌ನ 12 ಅಂಕಿಯೂ ಇರುತ್ತದೆ. ಇನ್ನಷ್ಟು ಕೆಳಗೆ ‘ಕ್ರಯದ ಹಣ ಇಂಥ ಬ್ಯಾಂಕಿನ ಚೆಕ್ಕಿನ ಮೂಲಕ ಸಂದಾಯವಾಗಿದೆ’ ಎಂಬ ಸಾಲು. ಬೇಕಾದ ಮೂರೂ ಒಂದೇ ಪತ್ರದಲ್ಲಿ! ಸ್ಪಷ್ಟವಾದ ಸ್ಕ್ಯಾನ್ ಸಿಕ್ಕರೆ ಆ ಗುರುತಿನ ಅಚ್ಚು ತೆಗೆದು, ನಕಲಿ ಬೆರಳನ್ನು ಮೈಕ್ರೋ ಎಟಿಎಂ (ಬ್ಯಾಂಕ್ ಮಿತ್ರರ ಬಳಿಯ ಪುಟ್ಟ ಯಂತ್ರ) ಮೇಲೆ ಒತ್ತುವವರಿದ್ದಾರೆ. ನಕಲಿ ಬೆರಳು ಪತ್ತೆಮಾಡುವ ಹೊಸ ತಪಾಸಣೆಯನ್ನು ಆಧಾರ್ ನೀಡುವ ಪ್ರಾಧಿಕಾರವಾದ ಯುಐಡಿಎಐ 2023ರ ಫೆಬ್ರುವರಿಯಲ್ಲೇ ತಂದಿತ್ತು. ಬೆಂಗಳೂರಿನ ದೂರುಗಳು ಅದಾದ ಮೇಲೂ ಬಂದವು; ಹಾಗಾಗಿ ಅದನ್ನೇ ನಂಬಿ ಕೂರಬೇಡಿ. ಇನ್ನು ಮುಂದಿನ ಪ್ರತಿಗಳಲ್ಲಿ ಬೆರಳಚ್ಚು ಮರೆಮಾಡಿದರೂ ಈಗಾಗಲೇ ಹೊರಗೆ ಹೋದ ಪ್ರತಿಗಳನ್ನು ಯಾರೂ ವಾಪಸ್ ತರಲಾರರು. ಪಾಸ್‌ವರ್ಡ್ ಬದಲಿಸಬಹುದು, ಹೆಬ್ಬೆರಳನ್ನು ಬದಲಿಸಲಾಗದು.

ಇದಕ್ಕೆ ದಾರಿ ಬಯೋಮೆಟ್ರಿಕ್ ಲಾಕ್, ಅಂದರೆ ನಿಮ್ಮ ಬೆರಳಚ್ಚು ಆಧಾರ್ ಮೂಲಕ ಎಲ್ಲೂ ನಡೆಯದಂತೆ ಬೀಗ ಹಾಕುವುದು. ಅದಕ್ಕೆ ಐದು ನಿಮಿಷ ಸಾಕು. ಮೈಆಧಾರ್ ಪೋರ್ಟಲ್‌ಗೆ ಆಧಾರ್ ಸಂಖ್ಯೆ ಮತ್ತು ಮೊಬೈಲಿಗೆ ಬರುವ ಒಟಿಪಿ ಕೊಟ್ಟು ಒಳಗೆ ಹೋಗಿ, ‘ಲಾಕ್/ಅನ್‌ಲಾಕ್ ಬಯೋಮೆಟ್ರಿಕ್ಸ್’ ಒತ್ತಿ, ಒಪ್ಪಿಗೆಯ ಚೌಕಕ್ಕೆ ಟಿಕ್ ಹಾಕಿ ಮುಂದುವರಿಸಿ. ಆಧಾರ್‌ನ ಅಧಿಕೃತ ಆ್ಯಪ್‌ನಲ್ಲೂ ಇದೇ ಇದೆ. ಅಲ್ಲೇ ‘ಲಾಕ್ ಆಧಾರ್’ ಎಂಬ ಇನ್ನೊಂದು ಆಯ್ಕೆ ಕಾಣುತ್ತದೆ. ಅದು ಸಂಖ್ಯೆಯನ್ನೇ ಲಾಕ್ ಮಾಡುವುದು, ಅದಕ್ಕೆ ಮೊದಲು ಆಧಾರ್ ಸಂಖ್ಯೆಯ ಬದಲಿಗೆ ಬಳಸುವ 16 ಅಂಕಿಯ ವಿಐಡಿ ಮಾಡಿಕೊಂಡಿರಬೇಕು. ನಮಗೆ ಬೇಕಾದದ್ದು ಮೊದಲನೆಯದು. ಅದಾದ ಮೇಲೆ ಬೆರಳು, ಕಣ್ಣು, ಮುಖ ಯಾವುದನ್ನು ತೋರಿಸಿದರೂ ಯಂತ್ರ 330 ಎಂಬ ದೋಷಸಂಖ್ಯೆ ಕೊಟ್ಟು ನಿರಾಕರಿಸುತ್ತದೆ. ಒಟಿಪಿ ಕೆಲಸ ಎಂದಿನಂತೆ ನಡೆಯುತ್ತದೆ. ಆಧಾರ್‌ಗೆ ಮೊಬೈಲ್ ಸಂಖ್ಯೆ ಜೋಡಿಸಿಲ್ಲದಿದ್ದರೆ ಮೊದಲು ಆಧಾರ್ ಕೇಂದ್ರಕ್ಕೆ ಖುದ್ದಾಗಿ ಹೋಗಬೇಕು. ಸಂಖ್ಯೆ ಬದಲಿಸಲು ದಾಖಲೆ ಏನೂ ಬೇಡ.

‘ಲಾಕ್ ಮಾಡಿದರೆ ಗೃಹಲಕ್ಷ್ಮಿ ದುಡ್ಡು ನಿಂತುಹೋಗುತ್ತೆ’ ಎಂದು ಹೆದರಿಸುವವರಿದ್ದಾರೆ. ನಿಲ್ಲುವುದಿಲ್ಲ. ಖಾತೆಗೆ ನೇರವಾಗಿ ಹಣ ಜಮೆಯಾಗುವುದಕ್ಕೂ ಈ ಲಾಕಿಗೂ ಸಂಬಂಧವಿಲ್ಲ. ತೊಡಕಾಗುವುದು ಹೆಬ್ಬೆಟ್ಟು ಒತ್ತಲೇಬೇಕಾದ ಕಡೆ: ನ್ಯಾಯಬೆಲೆ ಅಂಗಡಿ, ಸಿಮ್ ಖರೀದಿ, ಪಿಂಚಣಿದಾರರ ಜೀವನ ಪ್ರಮಾಣ ಪತ್ರ. ಸರದಿ ಬಂದಾಗ ತಾತ್ಕಾಲಿಕವಾಗಿ ಅನ್‌ಲಾಕ್ ಮಾಡಿ. 10 ನಿಮಿಷಕ್ಕೆ ತಾನೇ ಮತ್ತೆ ಲಾಕ್ ಆಗುತ್ತದೆ. ಅನ್‌ಲಾಕ್ ಮಾಡುವಾಗ ಲಾಕ್ ವ್ಯವಸ್ಥೆಯನ್ನೇ ತೆಗೆದುಹಾಕುವ ಆಯ್ಕೆ ಒತ್ತಿಬಿಟ್ಟು ಮರೆಯುವವರಿದ್ದಾರೆ, ಅದೊಂದು ನೋಡಿಕೊಳ್ಳಿ. ರೇಷನ್‌ಗೆ ಚೀಟಿಯಲ್ಲಿರುವ ಒಬ್ಬರು ಹೆಬ್ಬೆಟ್ಟು ಇಟ್ಟರೆ ಸಾಕು, ಮನೆಯ ಉಳಿದವರದ್ದು ಸದಾ ಲಾಕ್ ಆಗಿರಲಿ.

ಬ್ಯಾಂಕ್ ಮಿತ್ರರ ಬಳಿ ಹಣ ತೆಗೆಯುವಾಗ ‘ಸರ್ವರ್ ಹೋಯ್ತು, ಇನ್ನೊಂದು ಸಲ ಇಡಿ ಅಮ್ಮಾ’ ಎಂದರೆ ಎರಡನೇ ಸಲ ಬೆರಳಿಡುವ ಮೊದಲು ಚೀಟಿ ಕೇಳಿ. ವ್ಯವಹಾರ ವಿಫಲವಾದರೂ ಯಂತ್ರದಿಂದ ಚೀಟಿ ಬರಬೇಕು. ಮೊದಲನೆಯದು ಆಗಿಹೋಗಿದ್ದರೆ ಎರಡನೆಯ ಹೆಬ್ಬೆಟ್ಟಿನ ಹಣ ನಿಮ್ಮ ಕೈಗೆ ಬರುವುದಿಲ್ಲ.

ಹಣ ಹೋಗಿದ್ದೇ ಆದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆಮಾಡಿ, ದೂರಿನ ಸಂಖ್ಯೆ ಬರೆದುಕೊಳ್ಳಿ. ತಕ್ಷಣ ಬಯೋಮೆಟ್ರಿಕ್ ಲಾಕ್ ಮಾಡಿ. ಇಲ್ಲದಿದ್ದರೆ ಮರುದಿನ ಮತ್ತೆ ಹತ್ತು ಸಾವಿರ ಹೋಗಬಹುದು. ಮೈಆಧಾರ್‌ನಲ್ಲಿ ‘ಅಥೆಂಟಿಕೇಷನ್ ಹಿಸ್ಟರಿ’ ತೆರೆದರೆ ಕಳೆದ ಆರು ತಿಂಗಳಲ್ಲಿ ನಿಮ್ಮ ಆಧಾರ್ ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಸಂಸ್ಥೆಯ ಮೂಲಕ ಬಳಕೆಯಾಯಿತು ಎಂಬುದು ಸಿಗುತ್ತದೆ. ಅದನ್ನು ಪ್ರಿಂಟ್ ತೆಗೆದು ಬ್ಯಾಂಕಿಗೆ ಲಿಖಿತ ದೂರಿನ ಜೊತೆ ಕೊಟ್ಟು, ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ‘ನಿಮ್ಮದೇ ಬೆರಳು ಮ್ಯಾಚ್ ಆಗಿದೆ, ನಾವೇನೂ ಮಾಡಕ್ಕಾಗಲ್ಲ’ ಎಂಬ ಉತ್ತರ ಬಂದರೆ ಸುಮ್ಮನೆ ಎದ್ದು ಬರಬೇಡಿ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ ತಪ್ಪು ಗ್ರಾಹಕರದ್ದೆಂದು ಸಾಬೀತುಪಡಿಸುವ ಹೊಣೆ ಬ್ಯಾಂಕಿನದು. ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ ಎನ್ನುವ ಇಂಥ ಪ್ರಕರಣದಲ್ಲಿ, ಮಾಹಿತಿ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮ ತಲೆಗೆ ಬರುವುದಿಲ್ಲ. ತಿಳಿಸಿದ 10 ಕೆಲಸದ ದಿನಗಳಲ್ಲಿ ಮೊತ್ತವನ್ನು ಖಾತೆಗೆ ತಾತ್ಕಾಲಿಕವಾಗಿ ಜಮೆ ಮಾಡಬೇಕು. ನಾಲ್ಕರಿಂದ ಏಳು ದಿನವಾದರೆ ನಿಮಗೂ ಒಂದು ಪಾಲು ಬೀಳುತ್ತದೆ. 30 ದಿನವಾದರೂ ಬ್ಯಾಂಕು ಉತ್ತರಿಸದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಿ, ಶುಲ್ಕವಿಲ್ಲ.

ಆಧಾರ್ ಜೆರಾಕ್ಸ್ ಹಂಚುವುದನ್ನೂ ನಿಲ್ಲಿಸಿ. ಯುಐಡಿಎಐನ ಬೆಂಗಳೂರು ಪ್ರಾದೇಶಿಕ ಕಚೇರಿಯೇ 2022ರ ಮೇ 27ರಂದು ಹೀಗೆ ಎಚ್ಚರಿಸಿತ್ತು. ಜನ ತಪ್ಪು ತಿಳಿಯಬಹುದೆಂದು ಕೇಂದ್ರ ಸರ್ಕಾರ ಎರಡೇ ದಿನದಲ್ಲಿ ಆ ಪ್ರಕಟಣೆ ಹಿಂಪಡೆಯಿತು. ಎಚ್ಚರಿಕೆ ಸರಿಯಾಗಿಯೇ ಇತ್ತು. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಡೌನ್‌ಲೋಡ್ ಮಾಡಿ ಅದನ್ನೇ ಕೊಡಿ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟು 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟ ಆ ಮೊಕದ್ದಮೆ ಹೂಡಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆದರೆ 2023ರ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ ಮಾಹಿತಿ ಸೋರಿಸಿದವರಿಗೆ ₹250 ಕೋಟಿವರೆಗೆ ದಂಡವಿದ್ದರೂ, ಅದು ಸೇರುವುದು ಸರ್ಕಾರದ ಖಜಾನೆಗೆ. ಹಣ ಕಳೆದುಕೊಂಡವರಿಗೆ ಪರಿಹಾರ ಕೊಡಿಸುವ ಕಲಮು ಅದರಲ್ಲಿಲ್ಲ. ಹಾಗಾಗಿ ಊರಿನಲ್ಲಿರುವ ಅಪ್ಪ ಅಮ್ಮನಿಗೆ ಇವತ್ತೇ ಫೋನ್ ಮಾಡಿ, ಅವರ ಮೊಬೈಲಿಗೆ ಬಂದ ಒಟಿಪಿ ನೀವೇ ಕೇಳಿ ಪಡೆದು ಲಾಕ್ ಮಾಡಿಕೊಡಿ. ಜೊತೆಗೆ, ಪಾಸ್‌ಬುಕ್ಕಿಗೆ ಕೊನೆಯ ಸಲ ಎಂಟ್ರಿ ಹಾಕಿಸಿದ್ದು ಯಾವಾಗ ಎಂದು ವಿಚಾರಿಸಿ.