ಟಿಬೇರಿಯಸ್‌ನ ಮುಖದ ಕಚ್ಚು ನೋಡಿ ಮೋಸ ಹೋದೆ, ನೀವು ಹೋಗಬೇಡಿ

ನಾಲ್ಕು ದಿನದಿಂದ ಬರೆಯಲೋ ಬೇಡವೋ ಅಂತ ಒದ್ದಾಡಿದೆ. 11 ವರ್ಷದಿಂದ ನಾಣ್ಯ ಸಂಗ್ರಹ ಮಾಡುತ್ತಿರುವವನು, ಮೈಸೂರಿನ ಆನೆ ಕಾಸು ಯಾವುದು, ವಿಜಯನಗರದ ವರಹ ಯಾವುದು ಅಂತ ಹೊಸಬರಿಗೆ ಹೇಳಿಕೊಡುವವನು, 26 ಸಾವಿರ ಕೊಟ್ಟು ಎರಕದ ಬಿಲ್ಲೆ ತಂದಿದ್ದೇನೆ ಅಂತ ಹೇಳಿಕೊಳ್ಳೋದಕ್ಕೆ ನಾಚಿಕೆಯಾಗುತ್ತೆ. ಆದರೆ ಅದನ್ನ ನನಗೆ ಮಾರಿದ ಮನುಷ್ಯ ಇನ್ನೂ ಮಾರುತ್ತಿದ್ದಾನೆ. ಅದಕ್ಕೇ ಬರೆಯುತ್ತಿದ್ದೇನೆ.

ಬೆಂಗಳೂರಿನಲ್ಲಿ ನಾಣ್ಯ ಪ್ರದರ್ಶನಕ್ಕೆ ಹೋಗಿದ್ದೆ. ಅವನಿಗೆ ಒಳಗೆ ಸ್ಟಾಲ್ ಇರಲಿಲ್ಲ. ಹೊರಗೆ ಟೀ ಕುಡಿಯುವಾಗ ತಾನೇ ಬಂದು ಮಾತಾಡಿಸಿದ. ಕರ್ಚೀಫಿನ ಗಂಟು ಬಿಚ್ಚಿ ತೋರಿಸಿದ. ರೋಮನ್ ಬೆಳ್ಳಿ ನಾಣ್ಯ, ಟಿಬೇರಿಯಸ್ ಚಕ್ರವರ್ತಿಯ ಡಿನೇರಿಯಸ್. ಒಂದು ಕಡೆ ಚಕ್ರವರ್ತಿಯ ತಲೆ, ಇನ್ನೊಂದು ಕಡೆ ಕೈಯಲ್ಲಿ ದಂಡ ಹಿಡಿದು ಕೂತ ಹೆಂಗಸು. "ಚಂದ್ರವಳ್ಳಿ ಹತ್ರ ನಮ್ಮ ಮಾವನ ಹೊಲ ಸಾರ್. ಉಳುವಾಗ ಮಡಕೆ ಒಡೀತು. ಒಂಬತ್ತು ಇದ್ವು, ಎಂಟು ಹೋದ್ವು, ಇದೊಂದೇ ಉಳಿದಿರೋದು" ಅಂದ.

ಬೇರೆ ಯಾವ ಊರ ಹೆಸರು ಹೇಳಿದ್ದರೂ ಎದ್ದು ಬರುತ್ತಿದ್ದೆನೇನೋ. ಚಿತ್ರದುರ್ಗದ ಚಂದ್ರವಳ್ಳಿ ಅಂದ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಲ್ಲಿ ಅಗೆದಾಗ ಸಿಕ್ಕಿದ್ದೂ ಟಿಬೇರಿಯಸ್‌ನ ಡಿನೇರಿಯಸ್ಸೇ. ನಮ್ಮ ಯಶವಂತಪುರದಲ್ಲೇ 1891ರಲ್ಲಿ ರೈಲು ಕೆಲಸಕ್ಕೆ ಮಣ್ಣು ತೆಗೆಯುವಾಗ 163 ರೋಮನ್ ಬೆಳ್ಳಿ ನಾಣ್ಯ ಸಿಕ್ಕಿದ್ದವು. ಇದೆಲ್ಲ ನನಗೆ ಗೊತ್ತು ಅನ್ನುವುದೇ ಅವನಿಗೆ ಬೇಕಾಗಿತ್ತು. ಗೊತ್ತಿಲ್ಲದವನಿಗೆ ಅವನು ಅದನ್ನ ತೋರಿಸುವುದೇ ಇಲ್ಲ.

ಅದರ ಮೇಲೆ ಆ ಕಚ್ಚು. ಟಿಬೇರಿಯಸ್‌ನ ಕಿವಿ ಕೆಳಗಿನಿಂದ ಗದ್ದದವರೆಗೆ ಓರೆಯಾಗಿ ಉಳಿಯಿಂದ ಹೊಡೆದ ಗುರುತು. ಭಾರತದಲ್ಲಿ ಸಿಕ್ಕ ರೋಮನ್ ನಾಣ್ಯಗಳಲ್ಲಿ ಹೀಗೆ ಚಕ್ರವರ್ತಿಯ ಮುಖದ ಮೇಲೆ ಕಚ್ಚು ಹಾಕಿರುವುದು ಎಷ್ಟೋ ಇದೆ. 1898ರಲ್ಲಿ ಪುದುಕ್ಕೋಟೈ ಸೀಮೆಯಲ್ಲಿ ಸಿಕ್ಕ 501 ಚಿನ್ನದ ನಾಣ್ಯಗಳಲ್ಲಿ ಬಹುಪಾಲಿಗೆ ಹೀಗೇ ಕಡಿದಿದ್ದಾರೆ. ಹಾಗಾಗಿ ಆ ಗೆರೆ ಕಂಡ ಕೂಡಲೇ ಎದೆ ಹೊಡೆದುಕೊಂಡಿತು. ವಿದೇಶದಿಂದ ತರಿಸಿದ್ದಲ್ಲ, ಇಲ್ಲೇ ಎರಡು ಸಾವಿರ ವರ್ಷ ಮಣ್ಣಲ್ಲಿ ಇದ್ದಿದ್ದು ಅಂದುಕೊಂಡೆ. ತೂಕ ನೋಡಲಿಲ್ಲ. ಅಂಚು ನೋಡಲಿಲ್ಲ. ಕಚ್ಚು ನೋಡಿದೆ, ಅಷ್ಟೇ.

32 ಅಂದ, 26ಕ್ಕೆ ಇಳಿದ. ಫೋನ್‌ಪೇ ಮಾಡ್ತೀನಿ ಅಂದರೆ "ಬೇಡ ಸಾರ್, ಕ್ಯಾಶ್ ಕೊಡಿ" ಅಂದ. ಬಿಲ್ ಕೇಳಿದೆ. "ಬಿಲ್ ಬರೆದ್ರೆ ಇಬ್ರಿಗೂ ತೊಂದ್ರೆ ಸಾರ್, ನಿಮಗೆ ಗೊತ್ತಿಲ್ವಾ?" ಅಂದ. ನಾನು ತಲೆಯಾಡಿಸಿದೆ. ಆ ತಲೆಯಾಡಿಸಿದ್ದು ಈಗಲೂ ನೆನಪಾಗುತ್ತೆ, ರಾತ್ರಿ ನಿದ್ದೆ ಬರಲ್ಲ. ಎಟಿಎಂಗೆ ಎರಡು ಸಲ ಹೋಗಿ ದುಡ್ಡು ತಂದುಕೊಟ್ಟೆ.

ಮರುದಿನ ನಮ್ಮ ಮೇಷ್ಟ್ರ ಮನೆಗೆ ಒಯ್ದೆ. ಇತಿಹಾಸ ಪಾಠ ಮಾಡಿ ನಿವೃತ್ತರಾದವರು, ನನಗಿಂತ ಹಳೇ ಸಂಗ್ರಾಹಕರು. ಮೊದಲು ಖುಷಿಪಟ್ಟರು, ಆಮೇಲೆ ಮಾತು ನಿಲ್ಲಿಸಿದರು. ತಕ್ಕಡಿ ತಂದರು. 3.12 ಗ್ರಾಂ. ಟಿಬೇರಿಯಸ್‌ನ ಡಿನೇರಿಯಸ್ ಸಾಮಾನ್ಯವಾಗಿ ಮೂರೂಮುಕ್ಕಾಲು ಗ್ರಾಂ ಆಸುಪಾಸು ತೂಗುತ್ತೆ. ನೂಲಿಗೆ ಕಟ್ಟಿ ನೀರಲ್ಲಿ ಇಳಿಬಿಟ್ಟು ತೂಗಿದರು, 0.35 ಗ್ರಾಂ ಕಡಿಮೆಯಾಯಿತು. ಮೊದಲ ತೂಕವನ್ನ ಇದರಿಂದ ಭಾಗಿಸಿದರೆ ಸಾಂದ್ರತೆ 8.9. ಬೆಳ್ಳಿಯದು 10.5. "ನೋಡಪ್ಪಾ, ಇದು ಬೆಳ್ಳಿ ಅಲ್ಲ" ಅಂದರು. ಅಂಚನ್ನ ಸುತ್ತಲೂ ಅರದಲ್ಲಿ ಉಜ್ಜಿರೋದನ್ನೂ ತೋರಿಸಿದರು, ಎರಡು ಅಚ್ಚು ಸೇರುವ ಗೆರೆ ಕಾಣಬಾರದು ಅಂತ ಹಾಗೆ ಮಾಡ್ತಾರಂತೆ.

ಅಲ್ಲಿಂದಲೇ ಅವನಿಗೆ ಫೋನ್ ಮಾಡಿದೆ. ಅವನ ಉತ್ತರ ಕೇಳಿ: "ಸಾರ್, ರೋಮಿನವರ ಕಾಲದಲ್ಲೇ ತಾಮ್ರಕ್ಕೆ ಬೆಳ್ಳಿ ಹೊದಿಸಿದ ನಾಣ್ಯ ಇದ್ವು. ಮೇಷ್ಟ್ರಿಗೆ ಗೊತ್ತಿರಬೇಕಲ್ಲ, ಕೇಳಿ." ಇದ್ದವು ನಿಜ. ಆ ಕಾಲದಲ್ಲೂ ಖೋಟಾ ಮಾಡುವವರಿದ್ದರು. ಒಂದು ಗಳಿಗೆ ನನಗೇ ಆಸೆ ಹುಟ್ಟಿತು, ಹಾಗೇ ಇರಬಹುದೇನೋ ಅಂತ. ಮೇಷ್ಟ್ರು ಮಾತಾಡದೆ ಭೂತಗನ್ನಡಿ ಕೈಗೆ ಕೊಟ್ಟು "ಕಚ್ಚಿನ ಒಳಗೆ ನೋಡು" ಅಂದರು.

ಕಚ್ಚಿನ ತಳದಲ್ಲೂ ಬೆಳ್ಳಿ ಹೊಳಪು. ತಾಮ್ರದ ಮೇಲೆ ಬೆಳ್ಳಿ ಹೊದಿಸಿದ ನಾಣ್ಯಕ್ಕೆ ಆಮೇಲೆ ಉಳಿ ಹೊಡೆದಿದ್ದರೆ ಒಳಗೆ ತಾಮ್ರ ಕಾಣಬೇಕಿತ್ತು. ಇಲ್ಲಿ ಕಚ್ಚು ಮೊದಲು, ಲೇಪ ಆಮೇಲೆ. ಅಂದರೆ ಕಚ್ಚೂ ಅಚ್ಚಿನಲ್ಲೇ ಬಂದಿದೆ! ಯಾವ ಗುರುತು ನೋಡಿ ನಾನು ನಂಬಿದ್ದೆನೋ ಅದನ್ನೇ ಎರಕ ಹೊಯ್ದಿದ್ದಾರೆ. ಮೇಷ್ಟ್ರ ಮುಖ ನೋಡೋಕಾಗಲಿಲ್ಲ.

ದುಡ್ಡು ವಾಪಸ್ ಕೊಡು ಅಂದೆ. "ಕೈಯಲ್ಲಿ ಹಿಡಿದು ಅರ್ಧ ಗಂಟೆ ನೋಡಿದ್ರಲ್ಲ ಸಾರ್, ನಾನೇನು ಬಲವಂತ ಮಾಡಿದ್ನಾ?" ಅಂದ. ಆಮೇಲೆ ಫೋನ್ ಎತ್ತಲಿಲ್ಲ. ವಾರ ಕಳೆದ ಮೇಲೆ ವಾಟ್ಸಾಪ್ ಸ್ಟೇಟಸ್‌ನಲ್ಲಿ ಫೋಟೋ ಹಾಕಿದ. ಟಿಬೇರಿಯಸ್. ಅದೇ ಕಿವಿ, ಅದೇ ಗದ್ದ, ಅದೇ ಕಚ್ಚು. ನನ್ನದು ಪೆಟ್ಟಿಗೆಯಲ್ಲಿ ಇದೆಯಾ ಅಂತ ಓಡಿಹೋಗಿ ನೋಡಿದೆ. ಇತ್ತು. "ಇದೊಂದೇ ಉಳಿದಿರೋದು" ಅಂದಿದ್ದನಲ್ಲ! ಎರಡೂ ಫೋಟೋ ಪಕ್ಕ ಪಕ್ಕ ಇಟ್ಟು ಕಳಿಸಿದೆ. "ಒಂದೇ ಅಚ್ಚಲ್ಲಿ ಎರಡು ನಾಣ್ಯ ಬರಲ್ವಾ ಸಾರ್?" ಅಂತ ಉತ್ತರ ಬಂತು. ಚಿತ್ರ ಒಂದೇ ಥರ ಬರುತ್ತೆ ಮಾರಾಯ, ಟಂಕಿಸಿದ ಮೇಲೆ ಯಾರೋ ಕೈಯಲ್ಲಿ ಹೊಡೆದ ಉಳಿಯೇಟು ಎರಡಕ್ಕೂ ಅದೇ ಜಾಗಕ್ಕೆ, ಅದೇ ಓರೆಗೆ, ಅದೇ ಉದ್ದಕ್ಕೆ ಹೇಗೆ ಬೀಳುತ್ತೆ?

ಪೊಲೀಸರಿಗೆ ಕೊಡ್ತೀನಿ ಅಂದಿದ್ದಕ್ಕೆ ಬಂದ ವಾಯ್ಸ್ ಮೆಸೇಜ್ ಇದು: "ಕೊಡಿ ಸಾರ್. ಹೊಲದ ನಿಧಿ ಅಂತ ಗೊತ್ತಿದ್ದೂ ಕೊಂಡವರು ನೀವಲ್ವಾ?" ಆಮೇಲೆ ಬ್ಲಾಕ್ ಮಾಡಿದ.

ಇಲ್ಲಿ ನನ್ನ ತಪ್ಪೂ ಇದೆ. ಮಣ್ಣಲ್ಲಿ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಪ್ರಾಚ್ಯವಸ್ತು ವ್ಯಾಪಾರ ಮಾಡುವವನಿಗೆ 1972ರ ಕಾಯ್ದೆ ಪ್ರಕಾರ ಲೈಸೆನ್ಸ್ ಇರಬೇಕು. ಎರಡೂ ನನಗೆ ಗೊತ್ತಿತ್ತು. ನಾಣ್ಯ ಅಸಲಿ ಆಗಿದ್ದಿದ್ದರೆ ಚಿತ್ರದುರ್ಗದ ಒಂದು ಇಡೀ ನಿಧಿ ಯಾರಿಗೂ ತಿಳಿಯದೆ ಚೂರುಚೂರಾಗಿ ಹೋಗುವುದಕ್ಕೆ ನಾನೂ ಕೈ ಸೇರಿಸಿದಂತಾಗುತ್ತಿತ್ತು. ಅವನ ಧೈರ್ಯವೇ ಅದು: ಕೊಂಡವನು ಬಾಯಿ ಬಿಡಲ್ಲ ಅಂತ. ಮೇಷ್ಟ್ರ ಜೊತೆ ಹೋಗಿ ದೂರು ಕೊಟ್ಟು ಬಂದಿದ್ದೇನೆ, ಏನಾಗುತ್ತೋ ನೋಡೋಣ.

ಹೊಲದಲ್ಲಿ ಸಿಕ್ಕಿತು ಅಂದವನ ಹತ್ತಿರ ನಿಲ್ಲಬೇಡಿ. ಬಿಲ್ ಇಲ್ಲ ಅಂದರೆ ನಾಣ್ಯವೂ ಬೇಡ. ಜೇಬಲ್ಲಿ ಪುಟ್ಟ ತಕ್ಕಡಿ ಇಟ್ಟುಕೊಳ್ಳಿ, ಆರುನೂರು ರೂಪಾಯಿಗೆ ಸಿಗುತ್ತೆ. ನಾನು 26 ಸಾವಿರ ಹೋದ ಮೇಲೆ ತಂದೆ.

ಈ ವರ್ಷ ಯಾರಾದರೂ ಟಿಬೇರಿಯಸ್ ಕೊಂಡಿದ್ದರೆ ಈಗಲೇ ತೆಗೆದು ನೋಡಿ. ಕಿವಿ ಕೆಳಗಿನಿಂದ ಗದ್ದಕ್ಕೆ ಓರೆ ಕಚ್ಚು, ಉದ್ದ 7 ಮಿಲಿಮೀಟರ್, ಗದ್ದದ ತುದಿಯಲ್ಲಿ ಸ್ವಲ್ಪ ಅಗಲ. ಹಾಗೇ ಇದ್ದರೆ ಫೋಟೋ ಕಳಿಸಿ, ದೂರಿನ ಜೊತೆ ಸೇರಿಸುತ್ತೇನೆ.