ಮುಚ್ಚದ ಹೊಟ್ಟೆಗೆ ಯಾವ ಹೊದಿಕೆ? ಐಸಿಯು ನರ್ಸ್ ಒಬ್ಬಳ ಬಹುಕಾಲದ ಬಳಕೆಯಿಂದ

ಹೊಲಿಯದೆ ಬಿಟ್ಟ ಹೊಟ್ಟೆಗೆ ತಾತ್ಕಾಲಿಕ ಹೊದಿಕೆಯಾಗಿ ಹಾಕುವ ಪ್ಲಾಸ್ಟಿಕ್ ಹಾಳೆ ಬೊಗೋಟಾ ಚೀಲ. ಅದರ ಮೇಲೆ ನನಗಿರುವ ದೊಡ್ಡ ತಕರಾರು ಹಾಸಿಗೆಯದು. ಚೀಲ ಹಾಕಿದ ರೋಗಿಯ ಹಾಸಿಗೆ ಒಣಗಿದ್ದನ್ನು ನಾನು ಕಂಡಿಲ್ಲ. ಕರುಳು ತೂತಾಗಿ ಕೀವು ತುಂಬಿದವರ, ಅಪಘಾತದಲ್ಲಿ ಯಕೃತ್ತು ಸೀಳಿದವರ ಹೊಟ್ಟೆಯನ್ನು ಶಸ್ತ್ರಚಿಕಿತ್ಸಕರು ಕೆಲವೊಮ್ಮೆ ಹೊಲಿಯದೆ ಬಿಡುತ್ತಾರೆ. ಊದಿದ ಕರುಳನ್ನು ಒಳಗೆ ತುರುಕಿ ಹೊಲಿದರೆ ಒತ್ತಡ ಏರಿ ಮೂತ್ರಪಿಂಡ, ಶ್ವಾಸಕೋಶ ಸೋಲುತ್ತವೆ. ಸಾಮಾನ್ಯವಾಗಿ 24ರಿಂದ 48 ಗಂಟೆಯೊಳಗೆ ಮತ್ತೆ ಒಳಗೆ ನೋಡುತ್ತಾರೆ. ಅಲ್ಲಿಯವರೆಗೆ ಹೊದಿಕೆಯನ್ನು ಕಾಯುವುದು ನಮ್ಮ ಪಾಳಿ.

ಈ ಚೀಲದ ಉಪಾಯ ಹುಟ್ಟಿದ್ದು 1984ರಲ್ಲಿ, ಕೊಲಂಬಿಯಾದ ಬೊಗೋಟಾದಲ್ಲಿ, ಓಸ್ವಾಲ್ಡೊ ಬೊರಾಯೆಸ್ ಎಂಬ ವೈದ್ಯರ ಕೈಯಲ್ಲಿ. ನಮ್ಮಲ್ಲಿ ಮೂರು ಲೀಟರಿನ ಸಲೈನ್ ಚೀಲವನ್ನು ಕತ್ತರಿಸಿ ಗಾಯದ ಅಂಚಿಗೆ ಹೊಲಿಯುತ್ತಾರೆ. ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಅದರ ಪಾರದರ್ಶಕತೆಗೆ ನಾನು ಋಣಿ: ಟಾರ್ಚ್ ಹಿಡಿದರೆ ಕರುಳಿನ ಬಣ್ಣ ಕಾಣುತ್ತದೆ, ಕಪ್ಪಿಡುತ್ತಿದ್ದರೆ ಆ ಕ್ಷಣವೇ ವೈದ್ಯರನ್ನು ಎಬ್ಬಿಸಬಹುದು. ಆದರೆ ಅಂಚಿನಿಂದ ನೀರು ಸದಾ ಸೋರುತ್ತದೆ. ಬೆನ್ನಿನ ಚರ್ಮ ನೆನೆದು ಬಿರಿಯುತ್ತದೆ. ಸೋರಿದ್ದೆಷ್ಟು ಎಂದು ಅಳೆಯಲೂ ಆಗದು. ಆ ದ್ರವದ ಪ್ರತಿ ಲೀಟರಿನಲ್ಲಿ ಸುಮಾರು 2 ಗ್ರಾಂ ಸಾರಜನಕ, ಎಂದರೆ ಹನ್ನೆರಡು ಗ್ರಾಮಿನಷ್ಟು ಪ್ರೋಟೀನ್ ಹೋಗುತ್ತದೆಂದು ಲೆಕ್ಕ ಹಿಡಿಯುತ್ತಾರೆ. ಬೆಡ್‌ಶೀಟ್ ಹೀರಿದ್ದನ್ನು ಯಾವ ಆಹಾರತಜ್ಞೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕು?

ಕೈಯಲ್ಲೇ ಕಟ್ಟುವ ವ್ಯಾಕ್ಯೂಮ್ ಪ್ಯಾಕ್ ಬಂದ ಮೇಲೆ ನನ್ನ ರಾತ್ರಿಗಳು ಬದಲಾದವು. ಕರುಳಿನ ಮೇಲೆ ಸಣ್ಣ ತೂತುಗಳ ಪಾಲಿಥೀನ್ ಹಾಳೆ, ಅದರ ಮೇಲೆ ಒದ್ದೆ ಟವೆಲ್, ದ್ರವ ಹೀರುವ ಎರಡು ಸಕ್ಷನ್ ನಳಿಕೆ, ಎಲ್ಲವನ್ನೂ ಮುಚ್ಚುವ ಅಂಟು ಹಾಳೆ. ಒಳಹಾಳೆ ಪಕ್ಕೆಗಳ ಆಳದವರೆಗೂ ಇಳಿದಿರಬೇಕು, ಇಲ್ಲದಿದ್ದರೆ ಕರುಳು ಹೊಟ್ಟೆಯ ಗೋಡೆಗೆ ಅಂಟಿಕೊಳ್ಳುತ್ತದೆ. ಪಾಳಿ ಶುರುವಾದೊಡನೆ ಅಂಟು ಹಾಳೆಯ ಸುತ್ತ ಬೆರಳಾಡಿಸುತ್ತೇನೆ, ತೊಡೆಸಂದಿಯಲ್ಲಿ ಮಾತ್ರ ಎರಡು ಸಲ, ಏಕೆಂದರೆ ಬಿಡುವುದು ಅಲ್ಲೇ. ಕಿವಿ ಹತ್ತಿರ ತಂದರೆ ಸೋರುವ ಗಾಳಿ ಸಣ್ಣಗೆ ಸುಯ್ಗುಡುತ್ತದೆ. ಚರ್ಮ ಒರೆಸಿ, ಒಣಗಿಸಿ, ನೆರಿಗೆ ಬೀಳದಂತೆ ಹೊಸ ಪಟ್ಟಿ ಎಳೆದು ಹಚ್ಚುತ್ತೇನೆ. ಟವೆಲ್ ಕುಗ್ಗಿ ಹಲಗೆಯಂತೆ ಬಿಗಿಯಾದಾಗ ಸಮಾಧಾನ. ಹೀರಿದ ದ್ರವ ತುಂಬುವ ಬಾಟಲಿಗೆ ಟೇಪು ಹಚ್ಚಿ ಗಂಟೆ ಬರೆಯುತ್ತೇನೆ. ಬೆಳಿಗ್ಗೆ ಹಾಸಿಗೆ ಒಣಗಿರುತ್ತದೆ, ಕಳೆದುಹೋದ ದ್ರವದ ಅಳತೆ ಕೈಯಲ್ಲಿರುತ್ತದೆ.

ಈ ಪ್ಯಾಕಿಗೆ ಜೋಡಿಸುವ ವಾರ್ಡಿನ ಗೋಡೆಯ ಸಕ್ಷನ್ ಒಂದೇ ಸಮ ನಿಲ್ಲುವುದಿಲ್ಲ, ನಿಜ. ಸಿದ್ಧ ಸ್ಪಂಜಿನ ಕಿಟ್ ಮತ್ತು ಯಂತ್ರ 125 ಮಿ.ಮೀ. ಪಾದರಸದ ಎಳೆತವನ್ನು ಹಿಡಿದಿಡುತ್ತದೆ, ಸೋರಿದರೆ ಕೂಗುತ್ತದೆ. ಕೆಲಸಕ್ಕೆ ಅದೇ ಸುಖ. ಆದರೆ ಪ್ರತಿ ಬದಲಾವಣೆಗೂ ಹೊಸ ಕಿಟ್, ಅದರ ಬಿಲ್ಲನ್ನು ರೋಗಿಯ ಮನೆಯವರ ಕೈಗೆ ಕೊಡುವವಳೂ ನಾನೇ. ನನ್ನ ಮತ ಕೈಕಟ್ಟಿನ ಪ್ಯಾಕಿಗೆ.

ಇಷ್ಟೆಲ್ಲ ಮೆಚ್ಚಿದರೂ ಇವೆಲ್ಲಕ್ಕೂ ಒಂದು ಕೊರತೆ ಇದೆ, ಅದು ನನ್ನನ್ನು ಒದ್ದೆ ಹಾಸಿಗೆಗಿಂತ ಹೆಚ್ಚು ಕಾಡುತ್ತದೆ. ಹೊದಿಕೆ ಕರುಳನ್ನು ಕಾಪಾಡುತ್ತದೆ, ಹೊಟ್ಟೆಯ ಅಂಚುಗಳನ್ನು ಗಟ್ಟಿಯಾಗಿ ಹಿಡಿದಿಡುವುದಿಲ್ಲ. ಪಕ್ಕೆಯ ಸ್ನಾಯುಗಳು ಎರಡೂ ಕಡೆಗೆ ಎಳೆಯುತ್ತವೆ, ವಾರ ಕಳೆದರೆ ಫೇಷಿಯಾ ಎಂಬ ಗಟ್ಟಿ ಪೊರೆಯನ್ನು ಕೂಡಿಸುವುದು ಕಷ್ಟವಾಗುತ್ತದೆ. ತೆರೆದೇ ಉಳಿದ ಕರುಳು ತೂತಾದರೆ ಮಲ ನೇರ ಗಾಯಕ್ಕೆ ಹರಿಯುತ್ತದೆ. ಅಂಥ ಗಾಯವನ್ನು ತೊಳೆದವರು ಮರೆಯುವುದಿಲ್ಲ.

2007ರಲ್ಲಿ ಸ್ವೀಡನ್ನಿನ ಮಾಲ್ಮೋ ವೈದ್ಯರು ಪ್ರಕಟಿಸಿದ ವಿಧಾನ ಈ ಕೊರತೆಗೇ ಕೈ ಹಾಕುತ್ತದೆ. ಸಕ್ಷನ್ ಜೊತೆಗೆ ಫೇಷಿಯಾದ ಎರಡು ಅಂಚಿಗೂ ಪಾಲಿಪ್ರೊಪಿಲೀನ್ ಮೆಶ್ (ಪ್ಲಾಸ್ಟಿಕ್ ಬಲೆ) ಹೊಲಿದು, ಎರಡು ಮೂರು ದಿನಕ್ಕೊಮ್ಮೆ ನಡುವೆ ಬಿಚ್ಚಿ, ಒಳಗೆ ನೋಡಿ, ಬಿಗಿದು ಮತ್ತೆ ಹೊಲಿಯುತ್ತಾರೆ. ನಮ್ಮ ಶಸ್ತ್ರಚಿಕಿತ್ಸಕರೂ ಇದನ್ನು ಹಿಡಿದ ಮೇಲೆ ನನ್ನ ಚಾರ್ಟಿನಲ್ಲಿ ಹೊಸ ಸಾಲು ಸೇರಿತು: ಅಂಚುಗಳ ನಡುವಿನ ಅಂತರ, ಸೆಂಟಿಮೀಟರಿನಲ್ಲಿ. ಅದು ಇಳಿಯುತ್ತಾ ಬರುವುದನ್ನು ಬರೆಯುವಾಗ ಆಗುವ ಸಂತೋಷ ಬೇರೆಯೇ.

ಬಿಗಿದ ರಾತ್ರಿ, ಹೊಟ್ಟೆಯೊಳಗಿನ ಒತ್ತಡ ತಿಳಿಯಲು, ಮೂತ್ರಕೋಶದ ಒತ್ತಡ ಅಳೆಯುವುದನ್ನು ನಾನು ಬಿಡುವುದಿಲ್ಲ. ರೋಗಿ ಅಂಗಾತ, ಕ್ಯಾಥೆಟರಿಗೆ ಹೆಚ್ಚೆಂದರೆ 25 ಮಿ.ಲೀ. ಸಲೈನ್, ಉಸಿರು ಬಿಟ್ಟ ಕೊನೆಯಲ್ಲಿ ಓದಬೇಕು. ಒತ್ತಡ 20 ಮಿ.ಮೀ. ದಾಟಿ ನಿಂತು ಮೂತ್ರವೂ ಕಡಿಮೆಯಾದರೆ ಬಿಗಿತ ಸಡಿಲಿಸಲು ಕರೆಯುತ್ತೇನೆ. ಮೆಶ್ ಅಗ್ಗದ ವಸ್ತು, ಹರ್ನಿಯಾ ಶಸ್ತ್ರಚಿಕಿತ್ಸೆಗೆಂದು ಥಿಯೇಟರಿನ ಕಪಾಟಿನಲ್ಲಿ ಹೇಗೂ ಇರುತ್ತದೆ. ಬೇಗ ಮುಚ್ಚಲಾಗದೆಂದು ತಿಳಿದ ಕೂಡಲೇ ಅದನ್ನು ಹೊಲಿಯಿರಿ ಎಂದು ಶಸ್ತ್ರಚಿಕಿತ್ಸಕರನ್ನು ಕೇಳುತ್ತೇನೆ, ವಾರ ಕಾಯಬೇಡಿ.